ಇಂಗ್ಲಿಷ್ ಪದಜೋಡಿ ಕಲಿಯಲು ಯಾವುದು ಸರಿ: ಫೋನೋ, ದಪ್ಪ ನಿಘಂಟೋ, ಅಭ್ಯಾಸ ಪುಸ್ತಕವೋ, ಕ್ಲಾಸೋ?

ಗ್ರಾಮರ್ ಪರವಾಗಿಲ್ಲ, ಪದಗಳೂ ಗೊತ್ತು, ಆದರೂ ಬರೆದದ್ದನ್ನು ಓದಿದರೆ ಇಂಗ್ಲಿಷ್ ಅನ್ನಿಸುವುದಿಲ್ಲ, ಏನು ತಗೊಳ್ಳಲಿ? ಈ ಪ್ರಶ್ನೆ ಕೊಡಗಿನಲ್ಲಿ ಮುಖ್ಯವಾಗಿ ಮೂರು ಕಡೆಯಿಂದ ಬರುತ್ತದೆ. ಹೋಂಸ್ಟೇ ನಡೆಸುವವರಿಂದ, ವಿದೇಶಕ್ಕೆ ಹೋಗುವವರು ಬರೆಯುವ ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಗೋ ಸೇನಾ ಅಧಿಕಾರಿಯಾಗಲು ಬರೆಯುವ ಎನ್‌ಡಿಎ ಪರೀಕ್ಷೆಗೋ ಓದುತ್ತಿರುವ ಮಕ್ಕಳ ಮನೆಯವರಿಂದ, ಮತ್ತೆ ಕಾಫಿ, ಮೆಣಸು ಕೊಳ್ಳುವವರಿಗೆ ತಾವೇ ಇಮೇಲ್ ಬರೆಯುವ ಬೆಳೆಗಾರರಿಂದ. ಒಬ್ಬರು ದಪ್ಪ ನಿಘಂಟು ತಗೊಳ್ಳಿ ಅಂದಿರುತ್ತಾರೆ. ಇನ್ನೊಬ್ಬರು ಫೋನ್ ಇರುವಾಗ ಪುಸ್ತಕ ಯಾಕೆ ಅಂದಿರುತ್ತಾರೆ. ಮತ್ತೊಬ್ಬರು ಕುಶಾಲನಗರದಲ್ಲಿ ಕ್ಲಾಸ್ ಇದೆ, ಸೇರಿಸಿಬಿಡಿ ಅಂದಿರುತ್ತಾರೆ. ಮೂವರ ಮಾತೂ ಸುಳ್ಳಲ್ಲ. ಆದರೆ ಒಬ್ಬರಿಗೆ ಹೊಂದುವುದು ಇನ್ನೊಬ್ಬರಿಗೆ ದುಡ್ಡು ದಂಡ.

ತೊಂದರೆ ಎಲ್ಲಿದೆ ಅಂತ ಮೊದಲು ನೋಡೋಣ. ನಾವು ಬೀಗ ಹಾಕುತ್ತೇವೆ, ಲೈಟ್ ಹಾಕುತ್ತೇವೆ, ಸಹಿ ಹಾಕುತ್ತೇವೆ, ಅರ್ಜಿ ಹಾಕುತ್ತೇವೆ, ಸಾರಿಗೆ ಉಪ್ಪು ಹಾಕುತ್ತೇವೆ. ಒಂದು ‘ಹಾಕು’ ಇಟ್ಟುಕೊಂಡು ಅರ್ಧ ದಿನದ ಕೆಲಸ ಮುಗಿಸಬಹುದು. ಇಂಗ್ಲಿಷ್‌ನಲ್ಲಿ ಬಾಗಿಲಿಗೆ ಲಾಕ್, ಲೈಟ್‌ಗೆ ಟರ್ನ್ ಆನ್, ಸಹಿಗೆ ಸುಮ್ನೆ ಸೈನ್, ಅರ್ಜಿಗೆ ಸಬ್ಮಿಟ್, ಉಪ್ಪಿಗೆ ಆ್ಯಡ್. ಕಾಫಿಯನ್ನೂ ಭತ್ತವನ್ನೂ ನಾವು ಕೊಯ್ಯುತ್ತೇವೆ. ಅಲ್ಲಿ ಕಾಫಿಗೆ ಪಿಕ್, ಭತ್ತಕ್ಕೆ ಹಾರ್ವೆಸ್ಟ್. ಮಳೆ ಹೆವಿ, ಗಾಳಿ ಸ್ಟ್ರಾಂಗ್, ಕಾಫಿಯೂ ಸ್ಟ್ರಾಂಗ್. ಆದರೆ ಕಾಫಿ ತೆಳುವಾದರೆ ಲೈಟ್ ಅಲ್ಲ, ವೀಕ್. ಯಾಕೆ ಅಂತ ಕೇಳಿದರೆ ಉತ್ತರವಿಲ್ಲ, ರೂಢಿ ಅಷ್ಟೆ. ಹೀಗೆ ರೂಢಿಯಲ್ಲಿ ಕೂಡಿಕೊಂಡ ಜೋಡಿಗಳನ್ನೇ ಕೊಲೊಕೇಷನ್ ಅನ್ನುತ್ತಾರೆ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಮಾತು ಕೊಡವ ತಕ್ಕ್, ಅರೆಭಾಷೆ, ತುಳು ಅಥವಾ ಮಲಯಾಳ. ಆಮೇಲೆ ಕನ್ನಡ, ಅದರ ಮೇಲೆ ಇಂಗ್ಲಿಷ್. ಮೂರನೆಯ ಭಾಷೆಗೆ ಮೊದಲೆರಡರ ಜೋಡಿಗಳು ನುಸುಳುವುದು ಸಹಜ.

ಈ ಮಾತಿಗೆ ಶಾಸ್ತ್ರದ ಬಲ ಕೊಟ್ಟವರಲ್ಲಿ ದೊಡ್ಡ ಹೆಸರು ಇಂಗ್ಲೆಂಡಿನ ಭಾಷಾಶಾಸ್ತ್ರಜ್ಞ ಜೆ. ಆರ್. ಫರ್ತ್. 1957ರಲ್ಲಿ ಅವರು ಬರೆದದ್ದರ ಸಾರ: ಪದವನ್ನು ತಿಳಿಯಬೇಕಾದರೆ ಅದರ ಸಹವಾಸ ನೋಡಿ. ಸಹವಾಸ ದೋಷದಿಂದ ಸನ್ಯಾಸಿ ಕೆಟ್ಟ ಅನ್ನುವ ಊರಿನವರಿಗೆ ಇದೇನು ಹೊಸ ವಿಷಯವಲ್ಲ ಬಿಡಿ.

ಯಾವುದನ್ನು ಇಟ್ಟುಕೊಂಡು ಅಳೆಯಬೇಕು

ಮೊದಲನೆಯದು, ನಿಮಗೆ ಗೊತ್ತಿರುವ ಪದದಿಂದ ಗೊತ್ತಿಲ್ಲದ ಪದಕ್ಕೆ ಹೋಗಲು ಆಗಬೇಕು. ಡಿಸಿಷನ್ ಗೊತ್ತು, ಅದರ ಹಿಂದೆ ಡೂ ಬರುತ್ತದೋ ಮೇಕ್ ಬರುತ್ತದೋ ಗೊತ್ತಿಲ್ಲ. ಮನೆಯಲ್ಲಿರುವ ಇಂಗ್ಲಿಷ್–ಕನ್ನಡ ನಿಘಂಟು ಇಲ್ಲಿ ಕೈಕೊಡುತ್ತದೆ. ಅದು ‘ನಿರ್ಧಾರ’ ಅಂತ ಅರ್ಥ ಹೇಳಿ ಸುಮ್ಮನಾಗುತ್ತದೆ.

ಎರಡನೆಯದು, ಜೋಡಿಯ ಜೊತೆಗೆ ಪೂರ್ತಿ ವಾಕ್ಯ ಇರಬೇಕು. ಬರೀ ಪಟ್ಟಿ ಅಪಾಯ. ಪಟ್ಟಿಯಲ್ಲಿ ಇದೆ ಅಂತ ಟೊರೆನ್ಷಿಯಲ್ ರೈನ್ (ಧಾರಾಕಾರ ಮಳೆ) ಅನ್ನು ಸಂಜೆಯ ಸಣ್ಣ ತುಂತುರಿಗೆ ಅಂಟಿಸುವವರಿದ್ದಾರೆ.

ಮೂರನೆಯದು ನಮ್ಮ ಜಿಲ್ಲೆಯದೇ ಪ್ರಶ್ನೆ: ಜೂನ್‌ನಿಂದ ಆಗಸ್ಟ್ ತನಕ ಅದು ಕೆಲಸ ಮಾಡುತ್ತದಾ? ಭಾಗಮಂಡಲ, ನಾಪೋಕ್ಲು ಕಡೆ ಮರ ಬಿದ್ದು ಲೈನ್ ಹೋದರೆ ಕರೆಂಟ್ ಯಾವಾಗ ಬರುತ್ತದೆ ಅಂತ ಹೇಳುವವರಿಲ್ಲ. ಕರೆಂಟ್ ಹೋದ ಮೇಲೆ ಟವರ್ ಎಷ್ಟು ಹೊತ್ತು ಉಸಿರಾಡೀತು? ಬೆಂಗಳೂರಿನವರು ಬರೆಯುವ ಸಲಹೆಗಳಲ್ಲಿ ಈ ಮಾತೇ ಇರುವುದಿಲ್ಲ.

ಇನ್ನೊಂದು, ಅದು ನಿಮ್ಮಿಂದ ಅಭ್ಯಾಸ ಮಾಡಿಸುತ್ತದೋ ಅಥವಾ ಕೇಳಿದಾಗ ಉತ್ತರ ಕೊಟ್ಟು ಮರೆಯಾಗುತ್ತದೋ ಅನ್ನುವುದು. ಆಮೇಲೆ ದುಡ್ಡು. ಪುಸ್ತಕದ ಬೆಲೆ ಅಂಗಡಿಗೊಂದು, ಮುದ್ರಣಕ್ಕೊಂದು ಇರುತ್ತದೆ. ಹಾಗಾಗಿ ಇಲ್ಲಿ ರೂಪಾಯಿ ಲೆಕ್ಕ ಹಾಕದೆ ಯಾವುದು ಬಿಟ್ಟಿ, ಯಾವುದು ಹಗುರ, ಯಾವುದು ಭಾರ ಅಂತಷ್ಟೇ ಹೇಳುತ್ತೇನೆ.

ಫೋನಿನಲ್ಲಿರುವ ಲರ್ನರ್ಸ್ ಡಿಕ್ಷನರಿ

ಆಕ್ಸ್‌ಫರ್ಡ್, ಲಾಂಗ್‌ಮನ್, ಕೇಂಬ್ರಿಡ್ಜ್ ಮೂರರ ಕಲಿಯುವವರ ನಿಘಂಟುಗಳೂ ಬ್ರೌಸರ್‌ನಲ್ಲಿ ಬಿಟ್ಟಿ ಸಿಗುತ್ತವೆ. ಮುಕ್ಕಾಲು ಪಾಲು ಜನರಿಗೆ ನನ್ನ ಮೊದಲ ಸಲಹೆ ಇದೇ. ಆದರೆ ಬಹಳ ಜನ ಇದನ್ನು ಬಳಸುವುದೇ ತಪ್ಪಾಗಿ. ಅರ್ಥ ನೋಡಿ ಮುಚ್ಚಿಬಿಡುತ್ತಾರೆ. ಕೆಳಗೆ ಇಳಿದು ನೋಡಿದರೆ ಮುಖ್ಯ ಪದಗಳಿಗೆ ಕೊಲೊಕೇಷನ್ ಅಂತಲೇ ಒಂದು ಪೆಟ್ಟಿಗೆ ಇರುತ್ತದೆ. ಆಕ್ಸ್‌ಫರ್ಡ್‌ನಲ್ಲಿ ಅದು ಮಡಚಿಕೊಂಡಿರುತ್ತದೆ, ಒತ್ತಿ ಬಿಚ್ಚಬೇಕು. ಲಾಂಗ್‌ಮನ್‌ನಲ್ಲಿ ಜೋಡಿಗಳ ಪಕ್ಕದಲ್ಲೇ ವಾಕ್ಯಗಳೂ ಇರುತ್ತವೆ. ಹೊಸಬರಿಗೆ ಅದು ಸುಲಭ.

ಉದಾಹರಣೆಗೆ ರೈನ್ ಪದ ತೆಗೆಯಿರಿ. ಮೊದಲು ಗುಣವಾಚಕಗಳು: ಹೆವಿ, ಟೊರೆನ್ಷಿಯಲ್, ಪೋರಿಂಗ್, ಲೈಟ್. ಆಮೇಲೆ ಮಳೆ ಏನು ಮಾಡುತ್ತದೆ ಅನ್ನುವುದು: ಫಾಲ್, ಪೋರ್ ಡೌನ್, ಸ್ಟಾಪ್. ಆಮೇಲೆ ಮಳೆಯಲ್ಲಿ ನಮಗೇನಾಗುತ್ತದೆ: ಗೆಟ್ ಕಾಟ್ ಇನ್ ದ ರೈನ್. ಹೋಂಸ್ಟೇಯವರಿಗೆ ಈ ಕೊನೆಯದೊಂದೇ ಬಂಗಾರ. ಮಾಂದಲಪಟ್ಟಿ ಬೆಟ್ಟದಿಂದ ತೊಯ್ದು ತೊಪ್ಪೆಯಾಗಿ ಬಂದ ಗೆಸ್ಟ್‌ಗೆ ‘ಯೂ ಗಾಟ್ ಕಾಟ್ ಇನ್ ದ ರೈನ್’ ಅನ್ನುವುದಕ್ಕೂ ‘ರೈನ್ ಕೇಮ್ ಟು ಯೂ’ ಅನ್ನುವುದಕ್ಕೂ ವ್ಯತ್ಯಾಸ ಇದೆ ಅಲ್ವಾ? ಒಂದೇ ಪದಕ್ಕೆ ಐದು ನಿಮಿಷ ಕೊಟ್ಟರೆ ನಾಲ್ಕೈದು ವಾಕ್ಯ ಬಾಯಿಗೆ ಬರುತ್ತವೆ.

ಕೊರತೆ ಎರಡು. ನೆಟ್ ಬೇಕು. ಮತ್ತೆ ಬಿಟ್ಟಿ ಸಿಗುವುದು ಶಾಶ್ವತವಲ್ಲ. ಮ್ಯಾಕ್‌ಮಿಲನ್‌ನ ಒಳ್ಳೆಯ ಆನ್‌ಲೈನ್ ನಿಘಂಟೊಂದು ಹೀಗೇ ಇತ್ತು, 2023ರ ಜೂನ್ ಕೊನೆಗೆ ಮುಚ್ಚಿತು. ಆದ್ದರಿಂದ ನೋಡಿದ್ದನ್ನು ಒಂದು ನೋಟ್‌ಬುಕ್‌ಗೆ ಇಳಿಸಿಕೊಳ್ಳಿ. ಬರೀ ಪದ ಬರೆಯಬೇಡಿ, ಜೋಡಿಯನ್ನು ಇಡಿಯಾಗಿ ಬರೆಯಿರಿ. ಪಕ್ಕದಲ್ಲಿ ನಿಮ್ಮ ಮನೆ, ತೋಟ, ಕೆಲಸದ್ದೇ ಒಂದು ವಾಕ್ಯ ಇರಲಿ. ಕರೆಂಟ್ ಇಲ್ಲದ ಸಂಜೆ ಓದಲು ಇದಕ್ಕಿಂತ ಬೇರೆ ಬೇಕಿಲ್ಲ.

ದಪ್ಪ ಕೊಲೊಕೇಷನ್ ನಿಘಂಟು

ಇಲ್ಲಿ ಹೆಸರಾದದ್ದು ಆಕ್ಸ್‌ಫರ್ಡ್ ಕೊಲೊಕೇಷನ್ಸ್ ಡಿಕ್ಷನರಿ. 2002ರಲ್ಲಿ ಮೊದಲು ಬಂತು, 2009ರಲ್ಲಿ ಎರಡನೆಯ ಆವೃತ್ತಿ. ಎರಡನೆಯದರಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜೋಡಿಗಳಿವೆ. ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಯಾವ ಆವೃತ್ತಿ ಅಂತ ನೋಡಿಕೊಳ್ಳಿ. ಹಳೆಯದೇನು ಕೆಟ್ಟದ್ದಲ್ಲ, ಆದರೆ ಜೋಡಿಗಳು ಕಡಿಮೆ.

ಇದನ್ನು ತೆರೆದರೆ ಮೊದಲು ನಿರಾಸೆಯಾಗುವುದು ಅರ್ಥ ಇಲ್ಲದ್ದಕ್ಕೆ. ಇದು ಅರ್ಥ ಹೇಳುವ ನಿಘಂಟಲ್ಲ. ನಾಮಪದದ ಕೆಳಗೆ ಮೊದಲು ಗುಣವಾಚಕ, ಆಮೇಲೆ ಅದರ ಹಿಂದೆ ಬರುವ ಕ್ರಿಯಾಪದ, ಮುಂದೆ ಬರುವ ಕ್ರಿಯಾಪದ, ಕೊನೆಗೆ ಪ್ರಿಪೊಸಿಷನ್. ಡಿಸಿಷನ್ ಅಡಿಯಲ್ಲಿ ಮೇಕ್, ಟೇಕ್, ರೀಚ್, ಕಮ್ ಟು ಎಲ್ಲ ಸಾಲಾಗಿ ನಿಂತಿರುತ್ತವೆ. ಮೇಕ್ ದಿನಬಳಕೆಯದು, ರೀಚ್ ಅಂದರೆ ಚರ್ಚೆ ಮಾಡಿ ಒಂದು ತೀರ್ಮಾನಕ್ಕೆ ಬಂದದ್ದು. ಈ ಸೂಕ್ಷ್ಮ ಈಗಾಗಲೇ ಸ್ವಲ್ಪ ಗೊತ್ತಿರುವವರಿಗೆ ಪುಸ್ತಕ ನೆನಪಿಸುತ್ತದೆ. ಏನೂ ಗೊತ್ತಿಲ್ಲದವರಿಗೆ ಗೊಂದಲ ಜಾಸ್ತಿ ಮಾಡುತ್ತದೆ. ಎಸ್ಸೆಸ್ಸೆಲ್ಸಿ ಹುಡುಗನಿಗೆ ಇದನ್ನು ಬಹುಮಾನವಾಗಿ ಕೊಟ್ಟರೆ ಕಪಾಟಿನಲ್ಲಿ ಚೆನ್ನಾಗಿ ಕಾಣುತ್ತದೆ, ಅಷ್ಟೆ.

ಆದರೆ ವಾರಕ್ಕೆ ನಾಲ್ಕಾರು ಪುಟ ಇಂಗ್ಲಿಷ್ ಬರೆಯುವವರಿಗೆ ಇದರ ಮುಂದೆ ಬೇರೆ ಯಾವುದೂ ನಿಲ್ಲುವುದಿಲ್ಲ. ವಕೀಲರು, ಪೊನ್ನಂಪೇಟೆಯ ಅರಣ್ಯ ಕಾಲೇಜಿನಲ್ಲಿ ಪ್ರಬಂಧ ಬರೆಯುವ ವಿದ್ಯಾರ್ಥಿಗಳು, ವರದಿ ಬರೆಯುವ ಸಂಘ ಸಂಸ್ಥೆಯವರು ಇದನ್ನು ಮೇಜಿನ ಮೇಲಿಟ್ಟುಕೊಳ್ಳಬಹುದು. ಮಳೆಗಾಲಕ್ಕೂ ಚಿಂತೆ ಇಲ್ಲ, ಪುಟಕ್ಕೆ ಬೂಷ್ಟು ಹಿಡಿಯದಂತೆ ನೋಡಿಕೊಂಡರೆ ಸಾಕು. ಮಾಮೂಲಿ ನಿಘಂಟಿಗಿಂತ ದುಬಾರಿ, ಕ್ಲಾಸ್‌ಗಿಂತ ಅಗ್ಗ. ಲಾಂಗ್‌ಮನ್‌ನವರದ್ದೂ 2013ರಲ್ಲಿ ಒಂದು ಬಂದಿದೆ, ಥೆಸಾರಸ್ (ಸಮಾನಾರ್ಥಕ ಪದಗಳ ಕೋಶ) ಸೇರಿಸಿದ್ದಾರೆ. ಎರಡರಲ್ಲಿ ಒಂದು ಸಾಕು.

ಅಭ್ಯಾಸ ಪುಸ್ತಕ

ಪರೀಕ್ಷೆ ಬರೆಯುವವರು ಇಲ್ಲಿ ಸ್ವಲ್ಪ ನಿಲ್ಲಿ. ಮೈಕೆಲ್ ಮೆಕಾರ್ಥಿ ಮತ್ತು ಫೆಲಿಸಿಟಿ ಓ’ಡೆಲ್ ಬರೆದ ಇಂಗ್ಲಿಷ್ ಕೊಲೊಕೇಷನ್ಸ್ ಇನ್ ಯೂಸ್ ಕೇಂಬ್ರಿಡ್ಜ್‌ನದು, 2005ರಲ್ಲಿ ಮೊದಲು ಬಂತು. ಇಂಟರ್‌ಮೀಡಿಯೆಟ್ ಮಟ್ಟದ್ದರಲ್ಲಿ 60 ಪಾಠ. ಒಂದೊಂದು ಪಾಠಕ್ಕೆ ಎದುರುಬದುರು ಎರಡು ಪುಟ: ಎಡಕ್ಕೆ ವಿವರಣೆ, ಬಲಕ್ಕೆ ಅಭ್ಯಾಸ. ಉತ್ತರಗಳು ಹಿಂದೆ ಇವೆ. ಹೇಳಿಕೊಡುವವರು ಇಲ್ಲದಿದ್ದರೂ ನಡೆಯುತ್ತದೆ. ಅಡ್ವಾನ್ಸ್ಡ್ ಬೇರೆ ಪುಸ್ತಕ. ಅದನ್ನು ಮೊದಲೇ ತಗೊಂಡು ಕೂರಬೇಡಿ.

ನಿಘಂಟು ಕೇಳಿದ್ದಕ್ಕೆ ಉತ್ತರ ಕೊಡುತ್ತದೆ. ಈ ಪುಸ್ತಕ ನಮ್ಮನ್ನೇ ಕೇಳುತ್ತದೆ. ಖಾಲಿ ಜಾಗ ತುಂಬುವಾಗ ಸೋತ ಜೋಡಿಯೇ ನೆನಪಿನಲ್ಲಿ ಉಳಿಯುವುದು. ಕೊರತೆ ಅಂದರೆ, ಪಾಠಗಳು ಪ್ರವಾಸ, ಹವಾಮಾನ, ಕೆಲಸ, ದುಡ್ಡು ಅಂತ ವಿಷಯವಾರು ಇವೆ. ನಾಳೆ ಕಳಿಸಬೇಕಾದ ಪತ್ರಕ್ಕೆ ಬೇಕಾದ ಪದ ಅದರಲ್ಲಿ ಇರಬಹುದು, ಇಲ್ಲದೆಯೂ ಇರಬಹುದು.

ಐಇಎಲ್‌ಟಿಎಸ್‌ನಲ್ಲಿ ಬರವಣಿಗೆಗೂ ಮಾತಿಗೂ ನಾಲ್ಕು ನಾಲ್ಕು ಅಳತೆಗಳಿವೆ. ಅದರಲ್ಲಿ ಒಂದು ಪದಸಂಪತ್ತು, ಕಾಲು ಭಾಗದ ತೂಕ. ಬರವಣಿಗೆಗೆ 7ರ ಬ್ಯಾಂಡ್ (ಅಂಕ) ಕೊಡುವಾಗ ಏನು ನೋಡಬೇಕು ಅನ್ನುವ ವಿವರಣೆಯಲ್ಲಿ ಕೊಲೊಕೇಷನ್ ಪದವೇ ಇದೆ. 6ರಲ್ಲೇ ನಿಂತುಬಿಡುವ ಮಕ್ಕಳು ದೊಡ್ಡ ದೊಡ್ಡ ಪದ ಉರುಹೊಡೆಯುವುದನ್ನು ನೋಡಿದರೆ ಅಯ್ಯೋ ಅನ್ನಿಸುತ್ತದೆ. ಅವರಿಗೆ ಬೇಕಿರುವುದು ಹೊಸ ಪದವಲ್ಲ. ಗೊತ್ತಿರುವ ಪ್ರಾಬ್ಲಮ್‌ಗೆ ಟ್ಯಾಕಲ್, ಗೊತ್ತಿರುವ ರೋಲ್‌ಗೆ ಪ್ಲೇ ಸೇರಿಸುವ ಅಭ್ಯಾಸ. ಎನ್‌ಡಿಎ ಲಿಖಿತ ಪರೀಕ್ಷೆಯ ಜನರಲ್ ಎಬಿಲಿಟಿ ಟೆಸ್ಟ್‌ನ 600 ಅಂಕದಲ್ಲಿ ಇಂಗ್ಲಿಷ್‌ಗೆ 200. ಅದಾದ ಮೇಲೆ ಸೇನೆಯ ಆಯ್ಕೆ ಮಂಡಳಿ ಎಸ್‌ಎಸ್‌ಬಿಯಲ್ಲಿ ಗುಂಪು ಚರ್ಚೆ ಬೇರೆ. ಕೂಡಿಗೆಯ ಸೈನಿಕ ಶಾಲೆಯ ಮಕ್ಕಳಿಗೆ ಇದೆಲ್ಲ ಗೊತ್ತಿರುತ್ತದೆ. ಹಳ್ಳಿಯ ಪಿಯು ಕಾಲೇಜಿನಿಂದ ನೇರವಾಗಿ ಹೋಗುವವರಿಗೆ ಈ ಪುಸ್ತಕದ ಖರ್ಚು ದಂಡವಾಗುವುದಿಲ್ಲ.

ಕಾರ್ಪಸ್ ಮತ್ತು ಎಐ

ನಿಜವಾದ ಬಳಕೆಯಿಂದ ಹೆಕ್ಕಿದ ಕೋಟ್ಯಂತರ ಪದಗಳ ರಾಶಿಗೆ ಕಾರ್ಪಸ್ ಅನ್ನುತ್ತಾರೆ. ಅಮೆರಿಕನ್ ಇಂಗ್ಲಿಷ್‌ನ ಕೋಕಾ (COCA) ಅನ್ನುವುದರಲ್ಲಿ ನೂರು ಕೋಟಿಗೂ ಹೆಚ್ಚು ಪದಗಳಿವೆ. ಪಾಠ ಮಾಡುವವರಿಗೆ, ಸಂಶೋಧಕರಿಗೆ ಅದು ಹಬ್ಬ. ಮಿಕ್ಕವರು ಆ ಕಡೆ ಹೋಗಬೇಡಿ. ಹಗುರವಾದದ್ದು ಬೇಕಾದರೆ ಸ್ಕೆಲ್ (SkELL) ಅನ್ನುವ ಬಿಟ್ಟಿ ತಾಣ ಸಾಕು. ಪದ ಹಾಕಿದರೆ ಉದಾಹರಣೆ ವಾಕ್ಯಗಳೂ ಜೊತೆಗೆ ಬರುವ ಪದಗಳೂ ಸಿಗುತ್ತವೆ.

ಒಂದು ಎಚ್ಚರಿಕೆ. ಲ್ಯಾಂಡ್‌ಸ್ಲೈಡ್ ಅಂತ ಹುಡುಕಿದರೆ ಇಂಥ ಕಡೆ ಲ್ಯಾಂಡ್‌ಸ್ಲೈಡ್ ವಿಕ್ಟರಿ ಎದ್ದು ಬರುತ್ತದೆ. ಅಂದರೆ ಚುನಾವಣೆಯ ಭಾರಿ ಗೆಲುವು. 2018ರ ಆಗಸ್ಟ್‌ನಲ್ಲಿ ಗುಡ್ಡಗಳೇ ಕುಸಿದದ್ದನ್ನು ನೋಡಿದ ನಮಗೆ ಆ ಪದ ಕೇಳಿದರೆ ನೆನಪಾಗುವುದೇ ಬೇರೆ. ನಮಗೆ ಬೇಕಾದದ್ದು ಹೆವಿ ರೈನ್ ಟ್ರಿಗರ್ಡ್ ಲ್ಯಾಂಡ್‌ಸ್ಲೈಡ್ಸ್, ದ ರೋಡ್ ಈಸ್ ಬ್ಲಾಕ್ಡ್ ಬೈ ಎ ಲ್ಯಾಂಡ್‌ಸ್ಲೈಡ್. ಯಂತ್ರ ಎಣಿಸಿ ಕೊಡುತ್ತದೆ, ಆರಿಸುವುದು ನಿಮ್ಮ ಕೆಲಸ.

ಎಐ ಚಾಟ್ ವಿಷಯದಲ್ಲಿ ನನಗೆ ಅಷ್ಟೇನು ಮಡಿ ಇಲ್ಲ. ಆದರೆ ಪ್ರಶ್ನೆ ಕೇಳುವ ರೀತಿ ಮುಖ್ಯ. ‘ಇದು ಸರಿಯಾ’ ಅಂತ ಕೇಳಿದರೆ ಹೂಂಗುಟ್ಟಿಬಿಡಬಹುದು. ‘ಈ ವಾಕ್ಯದಲ್ಲಿ ಈ ನಾಮಪದದ ಜೊತೆ ಸಹಜವಾಗಿ ಬರುವ ಮೂರು ಕ್ರಿಯಾಪದ ಹೇಳು, ಒಂದೊಂದಕ್ಕೂ ವ್ಯತ್ಯಾಸ ಹೇಳು’ ಅಂತ ಕೇಳಿ. ಬಂದದ್ದನ್ನು ಲರ್ನರ್ಸ್ ಡಿಕ್ಷನರಿಯಲ್ಲಿ ಒಮ್ಮೆ ತಾಳೆ ನೋಡಿ. ನಿಮ್ಮ ನೋಟ್‌ಬುಕ್‌ನ ಜೋಡಿಗಳನ್ನೇ ಕೊಟ್ಟು ಖಾಲಿ ಜಾಗ ತುಂಬುವ ಅಭ್ಯಾಸ ಮಾಡಿಸಿಕೊಂಡರೆ ಅಭ್ಯಾಸ ಪುಸ್ತಕದ ಕೆಲಸ ಅರ್ಧ ಬಿಟ್ಟಿಯಾಗಿ ಆಗುತ್ತದೆ. ನೆಟ್ ಇದ್ದರೆ.

ಸ್ಪೋಕನ್ ಇಂಗ್ಲಿಷ್ ಕ್ಲಾಸ್

ದುಡ್ಡು ಜಾಸ್ತಿ ಹೋಗುವುದು ಇಲ್ಲೇ. ಸೋಮವಾರಪೇಟೆಯ ಒಳಗಿನ ಹಳ್ಳಿಯವರಿಗೆ, ಸಂಪಾಜೆ ಕಡೆಯವರಿಗೆ ಬಸ್ಸಿನ ಹೊತ್ತೂ ಲೆಕ್ಕಕ್ಕೆ ಬರುತ್ತದೆ. ಬಾಯಿ ಬಿಡಲು ಅಂಜಿಕೆ ಇರುವವರಿಗೆ ಕ್ಲಾಸ್ ಬೇಕು, ಅದನ್ನು ಯಾವ ಪುಸ್ತಕವೂ ಕೊಡುವುದಿಲ್ಲ. ಪದಜೋಡಿ ಕಲಿಯಲಿಕ್ಕೆ ಅಂತಲೇ ಸೇರುವುದಾದರೆ ಮೊದಲು ಒಂದು ದಿನ ಕೂತು ನೋಡಲು ಬಿಡಿ ಅಂತ ಕೇಳಿ. ಯಾರಾದರೂ ‘ಟೇಕ್ ಫುಡ್’ ಅಂದಾಗ ಮೇಷ್ಟ್ರು ‘ಹ್ಯಾವ್ ಲಂಚ್’ ಅಂತ ತಿದ್ದಿ ಇಡೀ ಕ್ಲಾಸ್‌ನಿಂದ ಹೇಳಿಸಿದರೆ ಒಳ್ಳೆಯ ಜಾಗ. ಬೋರ್ಡ್ ತುಂಬ ಟೆನ್ಸ್ ಕೋಷ್ಟಕ ಬರೆಸಿ ಕಳಿಸಿದರೆ ವಾಪಸ್ ಬನ್ನಿ.

ನಮ್ಮ ಊರಿನ ಜೋಡಿಗಳು

ಯಾವ ಆಯ್ಕೆ ಮಾಡಿದರೂ ಇದೊಂದು ಬಾಕಿ ಉಳಿಯುತ್ತದೆ. ಮೇಲೆ ಹೇಳಿದ ನಿಘಂಟುಗಳೆಲ್ಲ ಬ್ರಿಟನ್‌ನವು. ನಾವು ಎಸ್ಟೇಟ್ ಅಂದರೆ ಕಾಫಿ ತೋಟ. ಲಂಡನ್‌ನವರ ಕಿವಿಗೆ ಹೌಸಿಂಗ್ ಎಸ್ಟೇಟ್, ಅಂದರೆ ಸಾಲು ಮನೆಗಳ ಬಡಾವಣೆ. ‘ವಿ ಲಿವ್ ಆನ್ ಎ ಕಾಫಿ ಎಸ್ಟೇಟ್’ ಅಂತ ಕಾಫಿ ಸೇರಿಸಿಯೇ ಹೇಳಿ. ಪ್ಲಾಂಟರ್ ಅಂದರೆ ಅಮೆರಿಕದವರಿಗೆ ಹೂಕುಂಡ ನೆನಪಾಗಬಹುದು, ಕಾಫಿ ಪ್ಲಾಂಟರ್ ಅಂದರೆ ಗೊಂದಲವಿಲ್ಲ. ಹಾಗಂತ ನಮ್ಮದೆಲ್ಲ ತಪ್ಪು ಅಂತಲ್ಲ. ಮಾರ್ಚ್, ಏಪ್ರಿಲ್‌ನ ಹೂಮಳೆಗೆ ಬ್ಲಾಸಮ್ ಶವರ್ಸ್, ಅದಾದ ಮೇಲೆ ಬರಬೇಕಾದ ಮಳೆಗೆ ಬ್ಯಾಕಿಂಗ್ ಶವರ್ಸ್ ಅನ್ನುತ್ತೇವಲ್ಲ, ಅವು ಕಾಫಿ ಲೋಕದ ಅಪ್ಪಟ ಜೋಡಿಗಳು. ಮಾಮೂಲಿ ಕಲಿಕೆಯ ನಿಘಂಟಿನಲ್ಲಿ ಸಿಗಲಿಲ್ಲ ಅಂತ ಬದಲಾಯಿಸಲು ಹೋಗಬೇಡಿ. ಕಾಫಿ ಬೋರ್ಡ್‌ನ ಇಂಗ್ಲಿಷ್ ಪ್ರಕಟಣೆಗಳನ್ನು ಓದಿ, ಪಾರ್ಚ್‌ಮೆಂಟ್ ಕಾಫಿ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ), ಕ್ಯೂರಿಂಗ್ ವರ್ಕ್ಸ್ (ಕಾಫಿ ಸಂಸ್ಕರಿಸುವ ಕಾರ್ಖಾನೆ) ತರಹದವು ಸರಿಯಾದ ಜಾಗದಲ್ಲಿ ಕೂತಿರುತ್ತವೆ.

ಹಾಗಾದರೆ ಯಾರಿಗೆ ಯಾವುದು

ಹೋಂಸ್ಟೇ ನಡೆಸುವವರು ಪುಸ್ತಕಕ್ಕೆ ದುಡ್ಡು ಹಾಕಬೇಡಿ. ನಿಮಗೆ ಬೇಕಾದದ್ದು ಸೀಮಿತ: ಬುಕಿಂಗ್, ಬ್ರೇಕ್‌ಫಾಸ್ಟ್, ಬಿಸಿನೀರು, ಕರೆಂಟ್, ದಾರಿ, ಜಿಗಣೆ. ಮೇಕ್ ಎ ಬುಕಿಂಗ್, ಸರ್ವ್ ಬ್ರೇಕ್‌ಫಾಸ್ಟ್, ಪವರ್ ಕಟ್, ಪೂರ್ ಸಿಗ್ನಲ್, ಸ್ಟೀಪ್ ಕ್ಲೈಂಬ್, ಲೀಚ್ ಬೈಟ್. ಫೋನಿನ ನಿಘಂಟು, ಒಂದು ನೋಟ್‌ಬುಕ್ ಸಾಕು. ಮಳೆಗಾಲದಲ್ಲಿ ಗೆಸ್ಟ್ ಕಡಿಮೆ, ಆಗ ಓದಿಕೊಂಡರೆ ಸೀಸನ್‌ಗೆ ತಯಾರಾಗಿರುತ್ತೀರಿ.

ಪರೀಕ್ಷೆಗೆ ನಾಲ್ಕೈದು ತಿಂಗಳು ಇದ್ದರೆ ಅಭ್ಯಾಸ ಪುಸ್ತಕ, ಜೊತೆಗೆ ಫೋನ್. ತಿಂಗಳೊಳಗೆ ಪರೀಕ್ಷೆ ಇದ್ದರೆ ಪುಸ್ತಕವೂ ಬೇಡ. ನೀವೇ ಬರೆದ ಹಳೆಯ ಪ್ರಬಂಧಗಳಲ್ಲಿ ಮತ್ತೆ ಮತ್ತೆ ಬರುವ ನಾಮಪದಗಳನ್ನು ಹೆಕ್ಕಿ, ಅವುಗಳ ಜೋಡಿ ಮಾತ್ರ ಸರಿಮಾಡಿಕೊಳ್ಳಿ. ಇಂಗ್ಲಿಷ್ ಪೇಪರ್ ಓದುವ ಅಭ್ಯಾಸ ಇದ್ದರೆ ಬಿಡಬೇಡಿ, ಆದರೆ ಪೇಪರಿನ ಮಿಸ್‌ಕ್ರಿಯಂಟ್ಸ್, ನ್ಯಾಬ್ಡ್ ತರಹದವನ್ನು ಪ್ರಬಂಧಕ್ಕೆ ತರಬೇಡಿ.

ಬೆಳೆಗಾರರ ವಿಷಯದಲ್ಲಿ ಮಾತ್ರ ಸ್ವಲ್ಪ ಯೋಚನೆ ಬೇಕು. ವರ್ಷಕ್ಕೆ ನಾಲ್ಕು ಇಮೇಲ್ ಬರೆಯುವವರಿಗೂ ವಾರವಾರ ಸ್ಯಾಂಪಲ್, ರೇಟು, ಸಾಗಣೆ ಅಂತ ಬರೆಯುವವರಿಗೂ ಒಂದೇ ಉತ್ತರ ಹೇಳಲಾಗದು. ಒಂದು ಕೆಲಸ ಮಾಡಿ. ನೀವು ಕಳಿಸಿದ ಹಳೆಯ ಇಮೇಲ್ ತೆರೆದು ಹತ್ತು ನಾಮಪದಗಳಿಗೆ ಗುರುತು ಹಾಕಿ: ಪೇಮೆಂಟ್, ಆರ್ಡರ್, ಡಿಲೇ, ಕ್ವಾಲಿಟಿ, ಏನಿದೆಯೋ ಅದು. ಒಂದೊಂದನ್ನೂ ಫೋನಿನ ನಿಘಂಟಿನಲ್ಲಿ ತೆಗೆದು, ನೀವು ಬಳಸಿದ ಕ್ರಿಯಾಪದ ಅಲ್ಲಿ ಇದೆಯಾ ನೋಡಿ. ಏಳೆಂಟಕ್ಕೆ ಅಲ್ಲೇ ಉತ್ತರ ಸಿಕ್ಕಿದರೆ ಫೋನ್ ಸಾಕು, ದುಡ್ಡು ಉಳಿಸಿ. ಅರ್ಧಕ್ಕರ್ಧ ಸಿಗಲೇ ಇಲ್ಲ, ಅಥವಾ ಸಿಕ್ಕರೂ ನಿಮ್ಮ ವಾಕ್ಯಕ್ಕೆ ಹೊಂದುವ ಆಯ್ಕೆ ಕಡಿಮೆ ಅನ್ನಿಸಿತು ಅಂದರೆ ಮುಂದಿನ ಸಲ ಮೈಸೂರಿಗೆ ಹೋದಾಗ ದಪ್ಪ ನಿಘಂಟನ್ನು ಕೈಯಲ್ಲಿ ಹಿಡಿದು ಅದೇ ಹತ್ತು ಪದ ಅಂಗಡಿಯಲ್ಲೇ ನೋಡಿ, ಆಮೇಲೆ ಬಿಲ್ ಹಾಕಿಸಿ.